ಎಕ್ಸ್‌ಪಿ-60 ಕೀಬೋರ್ಡಿನ ಫ್ಲಾಪಿ ಡ್ರೈವ್ ಕೈಕೊಟ್ಟಿದೆ. ಗೋಟೆಕ್ ಹಾಕಿಸಲಾ, ಬೇಡವಾ?

ಸಾಗರದ ಕೀಬೋರ್ಡಿನವನು (ಪ್ರಶ್ನೆ)

ನಮಸ್ಕಾರ ಎಲ್ಲರಿಗೂ. ನಾನು ಸಾಗರದವನು. ಹಗಲು ಝೆರಾಕ್ಸ್ ಅಂಗಡಿ. ಗಣಪತಿ ಸೀಸನ್ನು, ಜಾತ್ರೆ ಬಂತು ಅಂದ್ರೆ ರಸಮಂಜರಿ ಪಾರ್ಟಿಯಲ್ಲಿ ಕೀಬೋರ್ಡ್. ನನ್ನದು ರೋಲ್ಯಾಂಡ್ ಎಕ್ಸ್‌ಪಿ-60, 1998ರಲ್ಲಿ ಬಂದ ಮಾಡೆಲ್. ಹುಬ್ಬಳ್ಳಿಯ ಹಿರಿಯ ಕಲಾವಿದರೊಬ್ಬರು ನುಡಿಸುವುದು ಬಿಟ್ಟಾಗ ಅವರಿಂದ ತಗೊಂಡೆ. ಕೀಬೋರ್ಡಿನ ಜೊತೆ ಒಂದು ಬಿಸ್ಕತ್ ಡಬ್ಬಿ ತುಂಬ ಫ್ಲಾಪಿಯನ್ನೂ ಕೊಟ್ಟರು. ದುಡ್ಡು ಕೊಟ್ಟಿದ್ದು ಕೀಬೋರ್ಡಿಗೆ, ಬೆಲೆ ಇರುವುದು ಡಬ್ಬಿಗೆ.

ಈಗ ತೊಂದರೆ ಫ್ಲಾಪಿಯದ್ದೇ. ಡಿಸ್ಕ್ ಹಾಕಿದರೆ ಒಳಗೆ ಕರ್ ಕರ್ ಅಂತ ಎಳೆದಾಡಿ ಸುಮ್ಮನಾಗುತ್ತದೆ. ಒಮ್ಮೊಮ್ಮೆ ಓದುತ್ತದೆ, ಅದೂ ಕಾರ್ಯಕ್ರಮ ಇಲ್ಲದ ದಿನ.

ಇದಕ್ಕೆ ಯಾಕಿಷ್ಟು ತಲೆಬಿಸಿ ಅಂತ ಕೀಬೋರ್ಡ್ ಗೊತ್ತಿಲ್ಲದವರು ಕೇಳಬಹುದು. ಎಕ್ಸ್‌ಪಿಯಲ್ಲಿ ನಾವೇ ಮಾಡಿಕೊಂಡ ಪ್ಯಾಚ್ (ಒಂದೊಂದು ವಾದ್ಯದ ಸದ್ದಿನ ಸೆಟ್ಟಿಂಗ್) ಇಡಲು ಇರುವ ಜಾಗ 128. ಕೇಳಲು ಜಾಸ್ತಿ ಅನಿಸುತ್ತದೆ, ಆದರೆ ಭಕ್ತಿಗೀತೆಗೆ ಬೇರೆ ಸೆಟ್, ಹಳೇ ಸಿನಿಮಾ ಹಾಡಿಗೆ ಬೇರೆ, ಜನಪದಕ್ಕೆ ಬೇರೆ. ಒಂದೊಂದು ಸೆಟ್ ಒಂದೊಂದು ಫ್ಲಾಪಿಯಲ್ಲಿ. ಇನ್ನು ಸೀಕ್ವೆನ್ಸರಿನಲ್ಲಿ (ನುಡಿಸಿದ್ದನ್ನು ನೆನಪಿಟ್ಟು ತಾನೇ ನುಡಿಸುವ ಭಾಗ) ಕೂರಿಸಿದ ರಿದಂ ಅಂತೂ ಪವರ್ ಆಫ್ ಮಾಡಿದರೆ ಮುಗಿಯಿತು. ಫ್ಲಾಪಿಗೆ ಸೇವ್ ಮಾಡಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಆ ಹಿರಿಯರ ಶಹನಾಯಿ ಪ್ಯಾಚ್ ಒಂದಿದೆ. ಕಂಪನಿಯವರು ಕೊಟ್ಟ ಶಹನಾಯಿ ಅಲ್ಲ. ಎರಡು ಟೋನ್ ತಗೊಂಡು ಒಂದನ್ನು ಚೂರೇ ಚೂರು ಶ್ರುತಿ ಸರಿಸಿದ್ದಾರೆ. ಮೂರನೆಯದರಲ್ಲಿ ಬರೀ ಉಸಿರಿನ ಸದ್ದು. ಎಡಗಡೆಯ ಕಡ್ಡಿಯನ್ನು ಮುಂದಕ್ಕೆ ತಳ್ಳಿದರೆ ಮಾತ್ರ ಕಂಪನ ಬರುತ್ತದೆ. ಮದುವೆ ಮನೆಯಲ್ಲಿ ಅದನ್ನು ನುಡಿಸಿದರೆ ಅಡುಗೆ ಭಟ್ಟರೂ ಹೊರಗೆ ಬಂದು ನೋಡುತ್ತಾರೆ. ಇಂಥವು ಇನ್ನೂ ಎಷ್ಟೋ ಇವೆ. ಲೇಬಲ್ ಮೇಲೆ ಅವರದ್ದೇ ಕೈಬರಹ: "ವೀಣೆ ಹಳೇದು", "ವೀಣೆ ಹೊಸದು", "ತಮಟೆ ಡೊಳ್ಳು", "ಮುಟ್ಟಬೇಡಿ".

ಒಬ್ಬ ರಿಪೇರಿಯವರಿಗೆ ತೋರಿಸಿದೆ. ಮುಚ್ಚಳವನ್ನೂ ತೆಗೆಯದೆ "ಎಕ್ಸ್‌ಚೇಂಜಿಗೆ ಹಾಕಿಬಿಡಿ" ಅಂದರು. ನಮ್ಮ ಪಾರ್ಟಿಯ ಹುಡುಗರು ಲ್ಯಾಪ್‌ಟಾಪ್ ತಗೊಳ್ಳಿ ಅನ್ನುತ್ತಾರೆ. ರಿದಂ ಪ್ಯಾಡಿನವನೊಬ್ಬ ಗೋಟೆಕ್ ಅಂತ ಏನೋ ಬರುತ್ತದೆ, ಫ್ಲಾಪಿ ಜಾಗದಲ್ಲಿ ಪೆನ್‌ಡ್ರೈವ್ ಹಾಕಬಹುದು ಅಂದ. ಅದು ನಂಬುವಂಥದ್ದಾ? ಎಕ್ಸ್‌ಪಿಗೆ ಕೂರುತ್ತದಾ? ಇರುವ ಫ್ಲಾಪಿಗಳನ್ನು ಅದಕ್ಕೆ ತರುವುದು ಹೇಗೆ? ಕೆಲವು ಡಿಸ್ಕಿಗೆ ಬೂಷ್ಟು ಹಿಡಿದಿದೆ. ನಮ್ಮೂರ ಮಳೆ ಗೊತ್ತಲ್ಲ, ಚಪ್ಪಲಿಗೂ ಹಿಡಿಯುತ್ತದೆ. ಗಣಪತಿ ಹಬ್ಬ ಹತ್ತಿರ ಬರುತ್ತಿದೆ, ಗೊತ್ತಿದ್ದವರು ದಯವಿಟ್ಟು ಹೇಳಿ.

---

ಎಸ್‌ಪಿ ರೋಡ್ ಸೋಲ್ಡರ್

ಸರ್, ಮೊದಲು ಸ್ಕ್ರೂಡ್ರೈವರ್ ಕೆಳಗಿಡಿ. ಗೋಟೆಕ್ ಆಮೇಲೆ.

ನಿಮ್ಮ ಕೀಬೋರ್ಡಿನ ಮೆಮೊರಿಯನ್ನು ಹಿಡಿದಿಟ್ಟಿರುವುದು ಒಳಗಿರುವ ಒಂದು ಬಟನ್ ಸೆಲ್. ಅದನ್ನು ಯಾರು ಯಾವಾಗ ಬದಲಿಸಿದ್ದಾರೋ ದೇವರಿಗೇ ಗೊತ್ತು. ಸೆಲ್ ಹೋದರೆ ಆ 128 ಪ್ಯಾಚೂ ಹೋಗುತ್ತವೆ. ಫ್ಲಾಪಿ ಡ್ರೈವೂ ಇಲ್ಲ ಅಂದರೆ ವಾಪಸ್ ತರಲು ದಾರಿಯೇ ಇಲ್ಲ. ನಿಮಗೆ ಭಯ ಇರಬೇಕಾದ್ದು ಡ್ರೈವಿನ ಬಗ್ಗೆ ಅಲ್ಲ, ಆ ಸೆಲ್ ಬಗ್ಗೆ.

ಹಾಗಾಗಿ ಇವತ್ತೇ ಮಾಡಬೇಕಾದ ಕೆಲಸ ಸಿಸ್‌ಎಕ್ಸ್ ಡಂಪ್, ಅಂದರೆ ಪ್ಯಾಚುಗಳ ಡೇಟಾ ಪೂರ್ತಿ ಕಂಪ್ಯೂಟರಿಗೆ ಇಳಿಸಿಕೊಳ್ಳುವುದು. ಕೀಬೋರ್ಡಿನ ಹಿಂದೆ ಐದು ಪಿನ್ನಿನ ದುಂಡನೆಯ ಮಿಡಿ (ವಾದ್ಯಗಳು ಡೇಟಾ ಕಳಿಸುವ ಪದ್ಧತಿ) ಔಟ್ ಇದೆಯಲ್ಲ, ಅಲ್ಲಿಂದ ಕಂಪ್ಯೂಟರಿಗೆ ಒಂದು ಯುಎಸ್‌ಬಿ ಮಿಡಿ ಇಂಟರ್‌ಫೇಸ್ ಹಾಕಿ. ವಿಂಡೋಸ್ ಆದರೆ ಮಿಡಿ-ಆಕ್ಸ್ ಅನ್ನುವ ಸಾಫ್ಟ್‌ವೇರಿನಲ್ಲಿ ಸಿಸ್‌ಎಕ್ಸ್ ರಿಸೀವ್ ಒತ್ತಿ ಕಾಯಿರಿ. ಕೀಬೋರ್ಡಿನ ಯುಟಿಲಿಟಿ ಮೆನುವಿನಲ್ಲಿ ಡೇಟಾ ಟ್ರಾನ್ಸ್‌ಫರ್‌ಗೆ ಹೋಗಿ ಯೂಸರ್ ಡೇಟಾವನ್ನು ಮಿಡಿಗೆ ಕಳಿಸಿ. ಮಿಡಿ ಅನ್ನುವುದು 1983ರ ಲೆಕ್ಕ. ಸೆಕೆಂಡಿಗೆ 31,250 ಬಿಟ್. ಒಂದು ಬೈಟಿಗೆ ಹತ್ತು ಬಿಟ್ ಖರ್ಚಾಗುವುದರಿಂದ ಸೆಕೆಂಡಿಗೆ 3,125 ಬೈಟ್ ಬರುತ್ತದೆ ಅಷ್ಟೇ. ನಿಧಾನ. ಮಧ್ಯೆ ಏನೂ ಮುಟ್ಟಬೇಡಿ.

ಒಂದು ಎಚ್ಚರಿಕೆ. ಕೇಬಲ್ಲಿನ ನಡುವೆ ಸಣ್ಣ ಡಬ್ಬಿ ಇರುವ ಅಗ್ಗದ ಮಿಡಿ ವೈರ್ ಬರುತ್ತದೆ. ನೋಟ್ ನುಡಿಸಲು ಅದು ಸಾಕು, ಆದರೆ ಉದ್ದನೆಯ ಸಿಸ್‌ಎಕ್ಸ್ ಬಂದಾಗ ಮಧ್ಯೆ ಮಧ್ಯೆ ಬೈಟ್ ನುಂಗುತ್ತದೆ, ನುಂಗಿದ್ದು ನಿಮಗೆ ಗೊತ್ತೂ ಆಗುವುದಿಲ್ಲ. ಯಾರಾದರೂ ಸ್ಟುಡಿಯೋದವರ ಹತ್ತಿರ ಒಳ್ಳೆಯ ಇಂಟರ್‌ಫೇಸ್ ಒಂದು ದಿನಕ್ಕೆ ಕೇಳಿ. ಎರಡು ಸಲ ಡಂಪ್ ತೆಗೆದು ಎರಡೂ ಫೈಲು ಒಂದೇ ಇದೆಯಾ ಅಂತ ನೋಡಿ.

ಇನ್ನು ಗೋಟೆಕ್. ಖಂಡಿತ ನಂಬಬಹುದು. ಚೀನಾದ ಒಂದು ಚಿಕ್ಕ ಪೆಟ್ಟಿಗೆ ಅದು, ಅಳತೆ ಸರಿಯಾಗಿ ಮೂರೂವರೆ ಇಂಚಿನ ಫ್ಲಾಪಿ ಡ್ರೈವಿನದ್ದೇ. ಮುಂದೆ ಯುಎಸ್‌ಬಿ ಕಿಂಡಿ, ಎರಡು ಬಟನ್, ಮೂರಂಕಿ ತೋರಿಸುವ ಕೆಂಪು ಡಿಸ್‌ಪ್ಲೇ. ಹಿಂದೆ ಫ್ಲಾಪಿ ಡ್ರೈವಿನದ್ದೇ 34 ಪಿನ್. ಕೀಬೋರ್ಡಿಗೆ ತನ್ನ ಎದುರು ಇರುವುದು ಪೆನ್‌ಡ್ರೈವ್ ಅಂತ ಗೊತ್ತೇ ಆಗುವುದಿಲ್ಲ. ಅದು "ಓದುವ ತಲೆಯನ್ನು 40ನೇ ಟ್ರ್ಯಾಕಿಗೆ, ಅಂದರೆ ಡಿಸ್ಕಿನ 40ನೇ ವೃತ್ತಕ್ಕೆ, ತಗೊಂಡು ಹೋಗು" ಅನ್ನುತ್ತದೆ, ಇಲ್ಲಿ ತಲೆಯೂ ಇಲ್ಲ, ಟ್ರ್ಯಾಕೂ ಇಲ್ಲ. ಗೋಟೆಕ್ "ಹೋದೆ ಸ್ವಾಮಿ" ಅಂತ ಸುಳ್ಳು ಹೇಳಿ, ಡಿಸ್ಕ್ ತಿರುಗುತ್ತಿದ್ದರೆ ಯಾವ ವೇಗದಲ್ಲಿ ಸಿಗ್ನಲ್ ಬರುತ್ತಿತ್ತೋ ಅದೇ ವೇಗದಲ್ಲಿ ಕಳಿಸುತ್ತದೆ.

ಇದು ಹೆಚ್ಚಾಗಿ ಹೋಗುವುದು ಎಂಬ್ರಾಯ್ಡರಿ ಮೆಷಿನ್ನಿಗೆ, ಲೇತ್‌ಗಳಿಗೆ, ನಿಮ್ಮಂಥವರ ಕೀಬೋರ್ಡಿಗೆ. ಮೆಷಿನ್ ಗಟ್ಟಿಮುಟ್ಟಾಗಿದೆ, ಡ್ರೈವ್ ಮಾತ್ರ ಸತ್ತಿದೆ ಅನ್ನುವ ಕಡೆ. ತಗೊಳ್ಳುವಾಗ ಮಾಡೆಲ್ ನಂಬರಿನಲ್ಲಿ 1ಎಂ44 (1.44 ಎಂಬಿ) ಅಂತ ಇದೆಯಾ ನೋಡಿ. 720 ಕೆಬಿಯದ್ದೂ ಬರುತ್ತದೆ, ಅಂಗಡಿಯವರು ಎರಡೂ ಒಂದೇ ಅಂತ ಕೊಟ್ಟುಬಿಡುತ್ತಾರೆ.

ತಂದ ಕೂಡಲೇ ಅದರ ಫರ್ಮ್‌ವೇರ್ (ಪೆಟ್ಟಿಗೆಯೊಳಗಿನ ಸಾಫ್ಟ್‌ವೇರ್) ತೆಗೆದು ಫ್ಲ್ಯಾಶ್‌ಫ್ಲಾಪಿ ಹಾಕಿ. ಕೀರ್ ಫ್ರೇಸರ್ ಅನ್ನುವವರು ಬರೆದು ಎಲ್ಲರಿಗೂ ಉಚಿತವಾಗಿ ಬಿಟ್ಟಿದ್ದಾರೆ. ಕಂಪನಿಯ ಫರ್ಮ್‌ವೇರಿನಲ್ಲಿ ಪೆನ್‌ಡ್ರೈವನ್ನು ನೂರು ತುಂಡು ಮಾಡಿ ವಿಚಿತ್ರವಾಗಿ ಫಾರ್ಮ್ಯಾಟ್ ಮಾಡಬೇಕು. ಫ್ಲ್ಯಾಶ್‌ಫ್ಲಾಪಿಯಲ್ಲಿ ಆ ಗೋಳಿಲ್ಲ. ಒಂದೊಂದು ಫ್ಲಾಪಿಯೂ ಒಂದೊಂದು ಫೈಲ್, ಸಾದಾ ಪೆನ್‌ಡ್ರೈವಿನಲ್ಲಿ ಕಾಪಿ ಮಾಡಿದರೆ ಆಯಿತು. ಹಾಕುವಾಗ ಒಂದು ಜಂಪರ್ (ಎರಡು ಪಿನ್ ಸೇರಿಸುವ ಸಣ್ಣ ತುಂಡು) ಕೂರಿಸಿ, ಎರಡೂ ತುದಿಯಲ್ಲಿ ಯುಎಸ್‌ಬಿ-ಎ ಇರುವ ಕೇಬಲ್ ಬೇಕಾಗುತ್ತದೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೇಳಿದರೆ ಸಿಗುತ್ತದೆ.

ಕೀಬೋರ್ಡ್ ಬಿಚ್ಚಿದಾಗ ಮೊದಲು ಹಳೇ ಡ್ರೈವಿನ ಫೋಟೋ ತೆಗೆಯಿರಿ. ರಿಬ್ಬನ್ ಅಗಲವಾಗಿ 34 ಪಿನ್ ಇದೆಯಾ, ಇಲ್ಲ ತೆಳು ಹಾಳೆಯಂಥ 26 ಪಿನ್ನಿನದ್ದಾ ನೋಡಿ. 26 ಆದರೆ ಮಧ್ಯೆ ಒಂದು ಅಡಾಪ್ಟರ್ ಬೇಕು. ಡ್ರೈವ್ ಸೆಲೆಕ್ಟ್ ಜಂಪರ್ ಎಸ್0ನಲ್ಲಿದೆಯಾ ಎಸ್1ನಲ್ಲಿದೆಯಾ ಬರೆದಿಟ್ಟುಕೊಳ್ಳಿ, ಗೋಟೆಕ್‌ನಲ್ಲೂ ಹಾಗೇ ಇಡಬೇಕು. ರಿಬ್ಬನ್ ಉಲ್ಟಾ ಹಾಕಿದರೆ ಲೈಟು ಆರದೆ ಉರಿಯುತ್ತಲೇ ಇರುತ್ತದೆ, ಹಾಗಾದರೆ ಆಫ್ ಮಾಡಿ ತಿರುಗಿಸಿ. ಪವರ್ ಸಪ್ಲೈ ಬೋರ್ಡಿನ ಹತ್ತಿರ ಕೈ ಹಾಕಬೇಡಿ, ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಬಿಡಿ.

---

ಕುಡ್ಲ ಟೇಪ್ ರೆಕಾರ್ಡರ್

ಬೂಷ್ಟಿನ ವಿಷಯ ನನಗೆ ಬಿಡಿ ಮಾರಾಯ್ರೆ. ಮಂಗಳೂರಿನಲ್ಲಿ ಹಳೇ ಕ್ಯಾಸೆಟ್, ಫ್ಲಾಪಿ ಕಾಪಾಡುವುದೇ ನನ್ನ ಹುಚ್ಚು.

ಬೂಷ್ಟು ಇರುವ ಡಿಸ್ಕನ್ನು ಯಾವ ಡ್ರೈವಿಗೂ ಹಾಕಬೇಡಿ. ನಿಮ್ಮ ಡ್ರೈವ್ ಹಾಳಾದದ್ದೇ ಹಾಗೆ ಇರಬಹುದು. ಬೂಷ್ಟು ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ, ಮುಂದೆ ಹಾಕಿದ ಒಳ್ಳೆಯ ಡಿಸ್ಕನ್ನೂ ಗೀರುತ್ತದೆ. ಡ್ರೈವ್ ಒಳಗೆ ತಲೆ ಡಿಸ್ಕಿಗೆ ತಾಗಿಕೊಂಡೇ ಓಡುತ್ತದೆ, ಹಾರ್ಡ್ ಡಿಸ್ಕಿನಂತೆ ಮೇಲೆ ತೇಲುವುದಲ್ಲ. ನಿಮಿಷಕ್ಕೆ 300 ಸುತ್ತು. ಒಂದು ಕಣ ಸಾಕು.

ಪ್ರತಿ ಡಿಸ್ಕಿನ ಲೋಹದ ಬಾಗಿಲು ಸರಿಸಿ, ಹಿಂದಿನ ಚಕ್ರವನ್ನು ಬೆರಳಲ್ಲಿ ತಿರುಗಿಸುತ್ತಾ ಟಾರ್ಚ್ ಬಿಟ್ಟು ನೋಡಿ. ಬಿಳಿ ಚುಕ್ಕೆ, ಮಸುಕು ಕಲೆ, ಸುತ್ತ ಗೀರು ಇದೆಯಾ? ಚೊಕ್ಕ ಇರುವವು ಒಂದು ಕಡೆ, ಅನುಮಾನ ಇರುವವು ಇನ್ನೊಂದು ಕಡೆ.

ತೊಳೆಯುವುದಕ್ಕೆ ಐಸೊಪ್ರೊಪೈಲ್ ಆಲ್ಕೊಹಾಲ್. ಕೈಗೆ ಹಾಕುವ ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ, ಅಂಟು ಉಳಿಯುತ್ತದೆ. ಇಯರ್‌ಬಡ್‌ಗೆ ಚೂರು ಹಾಕಿ ಮೊದಲು ಅಂಚಿನಲ್ಲಿ ಒಂದು ಕಡೆ ಉಜ್ಜಿ ನೋಡಿ. ಹತ್ತಿಯ ಮೇಲೆ ಕಂದು ಬಣ್ಣ ಬಂದರೆ ನಿಲ್ಲಿಸಿ, ಅದು ಕೊಳೆ ಅಲ್ಲ, ನಿಮ್ಮ ವೀಣೆಯೇ ಕಿತ್ತು ಬರುತ್ತಿದೆ. ಬಣ್ಣ ಬರದಿದ್ದರೆ ನಿಧಾನಕ್ಕೆ ತಿರುಗಿಸುತ್ತಾ ಎರಡೂ ಕಡೆ ಒರೆಸಿ. ಜೋರಾಗಿ ಹಿಡಿದಿದ್ದರೆ ಪ್ಲಾಸ್ಟಿಕ್ ಕವಚ ಬಿಡಿಸಿ, ಒಳಗಿನ ಡಿಸ್ಕನ್ನು ಹೊರತೆಗೆದು ಚೊಕ್ಕ ಮಾಡಿ, ಬೇರೆ ಯಾವುದಾದರೂ ಉಪಯೋಗಕ್ಕಿಲ್ಲದ ಫ್ಲಾಪಿಯ ಕವಚಕ್ಕೆ ಹಾಕಿ. ಒಳಗಿನ ಬಟ್ಟೆಯಲ್ಲೂ ಬೂಷ್ಟು ಕೂತಿರುತ್ತದೆ, ಹಳೇ ಕವಚಕ್ಕೇ ಹಾಕಿದರೆ ಮತ್ತೆ ಅದೇ ಕಥೆ.

ಕಾಪಿ ಮಾಡಲು ಯುಎಸ್‌ಬಿ ಫ್ಲಾಪಿ ಡ್ರೈವ್ ಒಂದು ತನ್ನಿ. ಎಲ್ಲಕ್ಕಿಂತ ಮೊದಲು ಫ್ಲಾಪಿಯ ಮೂಲೆಯ ಸಣ್ಣ ಕರಿ ಗುಂಡಿಯನ್ನು ಸರಿಸಿ ತೂತು ಕಾಣುವ ಹಾಗೆ ಮಾಡಿ. ತೂತು ತೆರೆದಿದ್ದರೆ ಅದರ ಮೇಲೆ ಬರೆಯಲು ಆಗುವುದಿಲ್ಲ. ಡಿಸ್ಕ್ ಸರಿಯಾಗಿ ಓದಲು ಆಗದಾಗ ವಿಂಡೋಸ್ "ಫಾರ್ಮ್ಯಾಟ್ ಮಾಡಲಾ?" ಅಂತ ವಿನಯದಿಂದ ಕೇಳುತ್ತದೆ. ಹೌದು ಅಂದಿರೋ, ಕೆಟ್ಟಿರಿ.

ಫೈಲು ಒಂದೊಂದಾಗಿ ಎಳೆಯಬೇಡಿ. ಇಡೀ ಡಿಸ್ಕಿನ ಇಮೇಜ್, ಅಂದರೆ ಪಡಿಯಚ್ಚಿನಂಥ ಒಂದೇ ಫೈಲ್, ತೆಗೆಯಿರಿ. ವಿಂಡೋಸಿನಲ್ಲಿ ವಿನ್‌ಇಮೇಜ್, ಲಿನಕ್ಸಿನಲ್ಲಿ ಡಿಡಿ ಅನ್ನುವ ಕಮಾಂಡ್. 80 ಟ್ರ್ಯಾಕ್, ಎರಡು ಬದಿ, ಟ್ರ್ಯಾಕಿಗೆ 18 ಸೆಕ್ಟರ್ (ತುಂಡು), ಸೆಕ್ಟರಿಗೆ 512 ಬೈಟ್. ಗುಣಿಸಿದರೆ 14,74,560. ಫೈಲು ಸರಿಯಾಗಿ ಅಷ್ಟೇ ಬೈಟ್ ಬಂದರೆ ಪೂರ್ತಿ ಬಂತು ಅಂತ. ಅದೇ ಫೈಲು ನೇರವಾಗಿ ಗೋಟೆಕ್‌ಗೂ ಆಗುತ್ತದೆ.

ಕೊನೆಯದಾಗಿ, ಯಾವುದಾದರೂ ಫ್ಲಾಪಿಯಲ್ಲಿ ಆ ಗುಂಡಿ ಇಲ್ಲದ ಕಡೆಯ ಎರಡನೇ ತೂತಿನ ಮೇಲೆ ಸೆಲ್ಲೊ ಟೇಪ್ ಅಂಟಿಸಿದ್ದಾರಾ?

---

ಸಾಗರದ ಕೀಬೋರ್ಡಿನವನು

ಇಬ್ಬರಿಗೂ ದೊಡ್ಡ ನಮಸ್ಕಾರ. ಸೆಲ್ ವಿಷಯ ನನ್ನ ತಲೆಗೇ ಹೊಳೆದಿರಲಿಲ್ಲ. ಹೌದು ಸರ್, ಕೆಲವು ಫ್ಲಾಪಿಗೆ ಟೇಪ್ ಇದೆ! ಹಳದಿ ಬಣ್ಣಕ್ಕೆ ತಿರುಗಿದೆ. ಗಲೀಜು ಅಂತ ಕಿತ್ತು ಹಾಕೋಣ ಅಂದುಕೊಂಡಿದ್ದೆ. ನಿಮಗೆ ಹೇಗೆ ಗೊತ್ತಾಯಿತು?

---

ಕುಡ್ಲ ಟೇಪ್ ರೆಕಾರ್ಡರ್

ಕೀಳಬೇಡಿ! ಎಕ್ಸ್‌ಪಿಗಿಂತ ಹಿಂದಿನ ಎಷ್ಟೋ ಕೀಬೋರ್ಡುಗಳು 720 ಕೆಬಿ ಡಿಸ್ಕ್ ಮಾತ್ರ ತಿನ್ನುತ್ತಿದ್ದವು. ಆ ಡಿಸ್ಕ್ ಅಂಗಡಿಯಲ್ಲಿ ಸಿಗದ ಹಾಗೆ ಆದಾಗ ಕಲಾವಿದರೆಲ್ಲ 1.44ರ ಡಿಸ್ಕ್ ತಂದು, ಎರಡನೇ ತೂತಿಗೆ ಟೇಪ್ ಹಾಕಿ ಮೆಷಿನ್ನಿಗೆ ಮಂಕುಬೂದಿ ಎರಚುತ್ತಿದ್ದರು. ತೂತು ಕಾಣದಿದ್ದರೆ ಡ್ರೈವ್ ಇದನ್ನು 720 ಅಂದುಕೊಳ್ಳುತ್ತದೆ. ಟೇಪ್ ಕಿತ್ತರೆ 1.44 ಅಂದುಕೊಂಡು ಓದಲು ಹೋಗಿ "ಖಾಲಿ" ಅನ್ನುತ್ತದೆ.

ಈ ಉಪಾಯದಲ್ಲಿ ಒಂದು ತೊಡಕಿದೆ. ಎರಡು ಬಗೆಯ ಡಿಸ್ಕಿನ ಲೇಪ ಬೇರೆ ಬೇರೆ, ಬರೆಯಲು ಬೇಕಾದ ಕಾಂತಶಕ್ತಿಯೂ ಬೇರೆ. ಹೀಗೆ ಟೇಪ್ ಹಾಕಿ ಬರೆದದ್ದು ತುಂಬಾ ವರ್ಷ ಗಟ್ಟಿಯಾಗಿ ನಿಲ್ಲುವುದಿಲ್ಲ. ಹಾಗಾಗಿ ನಿಮ್ಮ ಡಬ್ಬಿಯಲ್ಲಿ ಮೊದಲು ಕಾಪಿ ಮಾಡಬೇಕಾದವು ಟೇಪ್ ಹಾಕಿದವೇ.

---

ಬಿಟ್ ರೇಟ್ ಬಾಯ್

ಅಣ್ಣ, ಬೇಜಾರು ಮಾಡಿಕೊಳ್ಳಬೇಡಿ, ಆದರೆ ಯಾರಾದರೂ ಇದನ್ನು ಹೇಳಲೇಬೇಕು. ಇಷ್ಟೆಲ್ಲ ಒದ್ದಾಟ ಯಾಕೆ? ಎಕ್ಸ್‌ಪಿಯ ಸೌಂಡ್ ಎಂಜಿನ್ 1994ರ ಜೆವಿ-1080 ಸೌಂಡ್ ಮಾಡ್ಯೂಲಿನ ವಂಶದ್ದೇ. ಆ ಜೆವಿ-1080 ಈಗ ರೋಲ್ಯಾಂಡಿನವರದ್ದೇ ಸಾಫ್ಟ್‌ವೇರ್ ರೂಪದಲ್ಲಿ ಸಿಗುತ್ತದೆ. ಒಂದು ಲ್ಯಾಪ್‌ಟಾಪ್, ಒಂದು ಆಡಿಯೋ ಇಂಟರ್‌ಫೇಸ್, ಒಂದು ಹಗುರದ ಕಂಟ್ರೋಲರ್ ಕೀಬೋರ್ಡ್ (ಸ್ವಂತ ಸದ್ದಿಲ್ಲದ, ಬರೀ ಕೀಗಳದ್ದು). ಬೆನ್ನಿಗೆ ಹಾಕಿಕೊಂಡು ಬಸ್ಸಿನಲ್ಲಿ ಹೋಗಬಹುದು. ಬ್ಯಾಕಪ್ ಕ್ಲೌಡಿನಲ್ಲಿ. ಶಹನಾಯಿಗೆ ನಿಜವಾದ ಶಹನಾಯಿಯ ಸ್ಯಾಂಪಲ್ಲೇ ಸಿಗುತ್ತದೆ, ಎರಡು ಟೋನ್ ಸೇರಿಸಿ ಸರ್ಕಸ್ ಮಾಡಬೇಕಾಗಿಲ್ಲ. ಗೋಟೆಕ್ ಹಾಕಿದರೂ ಡಿಸ್‌ಪ್ಲೇ ಹೋಗುತ್ತದೆ, ಆಮೇಲೆ ಕೀ ಹೋಗುತ್ತದೆ. ಎಲ್ಲಿಯವರೆಗೆ?

---

ಸಾಗರದ ಕೀಬೋರ್ಡಿನವನು

ಬೇಜಾರೇನಿಲ್ಲ ತಮ್ಮ. ನಿನ್ನ ಮಾತು ಸ್ಟುಡಿಯೋಗೆ ಸರಿ. ನನ್ನ ಕೆಲಸ ನಡೆಯುವ ಜಾಗ ಹೇಳುತ್ತೇನೆ, ಕೇಳು.

ಪೆಂಡಾಲು. ಕರೆಂಟ್ ಜನರೇಟರಿನದ್ದು. ಲೈಟಿನವನು ದೊಡ್ಡ ಫೋಕಸ್ ಹಾಕಿದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ. ಒಮ್ಮೊಮ್ಮೆ ಪೂರ್ತಿ ಹೋಗುತ್ತದೆ. ಕರೆಂಟ್ ಬಂದ ಮೇಲೆ ಎಕ್ಸ್‌ಪಿ ಎದ್ದು ನಿಲ್ಲಲು ಗಾಯಕ ಮೈಕ್ ಒರೆಸಿಕೊಳ್ಳುವಷ್ಟು ಹೊತ್ತು ಸಾಕು. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಒಪ್ಪಿದೆ. ಆದರೆ ಆಡಿಯೋ ಡ್ರೈವರ್ ಒಮ್ಮೆ ಸಿಕ್ಕಿಹಾಕಿಕೊಂಡರೆ ಮುನ್ನೂರು ಜನರ ಮುಂದೆ ರೀಸ್ಟಾರ್ಟ್ ಒತ್ತಿ ಕೂರಬೇಕು. ಮುಂದಿನ ಸಾಲಿನಲ್ಲಿ ಕುಣಿಯುವ ಹುಡುಗರು ಎಬ್ಬಿಸುವ ಕೆಂಪು ಮಣ್ಣಿನ ಧೂಳು ಬೇರೆ. ಅದು ಫ್ಯಾನ್ ಒಳಗೆ ಹೋದರೆ ಮುಗೀತು.

ಎರಡನೆಯದು ಕೈ. ರೋಲ್ಯಾಂಡಿನ ಬೆಂಡರ್ ಕಡ್ಡಿ ಅಡ್ಡಡ್ಡ ಓಡುತ್ತದೆ, ಬಿಟ್ಟರೆ ತಾನೇ ನಡುವಿಗೆ ಬರುತ್ತದೆ. ಹೆಬ್ಬೆರಳಲ್ಲಿ ಅದನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸುತ್ತಾ ಗಮಕ ತರುವುದನ್ನು ನಾನು ಕಲಿತದ್ದೇ ಅದರ ಮೇಲೆ. ಕಂಟ್ರೋಲರುಗಳಲ್ಲಿ ಹೆಚ್ಚಾಗಿ ಮೇಲೆ ಕೆಳಗೆ ಉರುಳಿಸುವ ಚಕ್ರ. ತೋಡಿ ರಾಗ ನುಡಿಸಲು ಹೋದರೆ ಚಕ್ರದ ಮೇಲೆ ನನ್ನ ಬೆರಳಿಗೆ ದಿಕ್ಕೇ ತೋಚುವುದಿಲ್ಲ. ನಿನ್ನ ವಯಸ್ಸಿನವರಿಗೆ ಅದೇ ಸಲೀಸು ಇರಬಹುದು.

ಇನ್ನು ನಿಜವಾದ ಶಹನಾಯಿಯ ಸ್ಯಾಂಪಲ್. ಅದನ್ನೂ ಕೇಳಿದ್ದೇನೆ. ಶಹನಾಯಿ ಒಂದೇ ಇದ್ದಾಗ ಚಂದ. ರಿದಂ ಪ್ಯಾಡು, ಬೇಸ್ ಗಿಟಾರು, ಹಾರ್ನ್ ಸ್ಪೀಕರ್ ಎಲ್ಲ ಸೇರಿದ ಮೇಲೆ ಅದು ಕಾಣೆಯಾಗುತ್ತದೆ. ಆ ಹಿರಿಯರು ಮಾಡಿದ್ದು ನಕಲಿ ಶಹನಾಯಿ, ಆದರೆ ಹಾರ್ನ್ ಸ್ಪೀಕರಿನಲ್ಲಿ ಊರ ಆಚೆ ಕೇಳುವ ಶಹನಾಯಿ. ಅದಕ್ಕೆಂದೇ ಮಾಡಿದ್ದು.

ಕೀ ಹೋದ ದಿನ ನೋಡೋಣ. ಡಂಪ್ ಇದ್ದರೆ ಇನ್ನೊಂದು ಎಕ್ಸ್‌ಪಿ ಎಲ್ಲಾದರೂ ಸೆಕೆಂಡ್ ಹ್ಯಾಂಡ್ ಸಿಗುತ್ತದೆ, ಇವೇ ಪ್ಯಾಚ್ ಅದಕ್ಕೂ ಹೋಗುತ್ತವೆ ಅಲ್ವಾ?

---

ಎಸ್‌ಪಿ ರೋಡ್ ಸೋಲ್ಡರ್

ಹೋಗುತ್ತವೆ ಸರ್. ಆದರೆ ಎಕ್ಸ್‌ಪಾನ್ಶನ್ ಬೋರ್ಡ್ (ಹೆಚ್ಚುವರಿ ಸದ್ದುಗಳ ಕಾರ್ಡ್) ನೋಡಿಕೊಳ್ಳಿ. ಎಕ್ಸ್‌ಪಿ-60ರಲ್ಲಿ ಎಸ್‌ಆರ್-ಜೆವಿ80 ಬೋರ್ಡುಗಳಿಗೆ ನಾಲ್ಕು ಸ್ಲಾಟ್ ಇದೆ. ಪ್ಯಾಚ್ ಅನ್ನುವುದು ಸದ್ದಲ್ಲ, ಯಾವ ಸದ್ದನ್ನು ಹೇಗೆ ಬಳಸಬೇಕು ಅನ್ನುವ ಚೀಟಿ. ಅಸಲು ಸದ್ದು ಕೀಬೋರ್ಡಿನ ರೋಮ್‌ನಲ್ಲಿ (ಅಳಿಸಲಾಗದ ಮೆಮೊರಿ) ಇಲ್ಲವೇ ಆ ಬೋರ್ಡಿನಲ್ಲಿ ಇರುತ್ತದೆ. ಹುಬ್ಬಳ್ಳಿಯವರು ವೀಣೆಯನ್ನು ಬೋರ್ಡಿನ ಸದ್ದಿನಿಂದ ಮಾಡಿದ್ದರೆ, ಬೋರ್ಡ್ ಇಲ್ಲದ ಇನ್ನೊಂದು ಎಕ್ಸ್‌ಪಿಯಲ್ಲಿ ಅದೇ ಪ್ಯಾಚ್ ಮೂಕವಾಗುತ್ತದೆ. ಒಳಗೆ ಯಾವ ಬೋರ್ಡ್ ಇದೆ ಅಂತ ಈಗಲೇ ಬರೆದಿಡಿ.

---

ದಾವಣಗೆರೆ ಡಾಟ್ ಮ್ಯಾಟ್ರಿಕ್ಸ್

ಕೆಲಸದ ಮಾತೆಲ್ಲ ಆಯಿತು, ಸ್ವಲ್ಪ ಹರಟೆಗೆ ಜಾಗ ಕೊಡಿ. ಫ್ಲಾಪಿ ಸತ್ತೇ ಹೋಯಿತು ಅನ್ನುವವರಿಗೆ ಇದು.

ಸೋನಿಯವರು ಮೂರೂವರೆ ಇಂಚಿನದ್ದನ್ನು 1981ರಲ್ಲಿ ತಂದರು, 2011ರ ಮಾರ್ಚಿಗೆ ಜಪಾನಿನಲ್ಲಿ ಮಾರುವುದು ನಿಲ್ಲಿಸಿದರು. ಆಮೇಲೂ ಬೋಯಿಂಗ್ 747-400 ವಿಮಾನಗಳಿಗೆ ದಾರಿ ತೋರಿಸುವ ಡೇಟಾ 28 ದಿನಕ್ಕೊಮ್ಮೆ ಫ್ಲಾಪಿಯಲ್ಲೇ ಹೋಗುತ್ತಿತ್ತು. ಅಮೆರಿಕದ ಅಣ್ವಸ್ತ್ರ ಪಡೆಯ ಸಂದೇಶ ವ್ಯವಸ್ಥೆಯಲ್ಲಿ 2019ರವರೆಗೆ ಎಂಟು ಇಂಚಿನ ಫ್ಲಾಪಿ ಇತ್ತು. ಅದು ತಟ್ಟೆಯಷ್ಟು ದೊಡ್ಡದು. ಜಪಾನ್ ಸರ್ಕಾರ "ಅರ್ಜಿಯನ್ನು ಫ್ಲಾಪಿಯಲ್ಲಿ ಕೊಡಿ" ಅನ್ನುವ ಸಾವಿರಕ್ಕೂ ಹೆಚ್ಚು ನಿಯಮಗಳನ್ನು ಕಿತ್ತು ಮುಗಿಸಿದ್ದು 2024ರ ಜೂನಿನಲ್ಲಿ. ರೋಬೋಟ್ ಮಾಡುವ ದೇಶ!

ಗೋಟೆಕ್‌ಗಿಂತ ತಮಾಷೆಯ ವಸ್ತುವೂ ಒಂದಿತ್ತು, ಫ್ಲ್ಯಾಶ್‌ಪಾತ್ ಅಂತ. ನೋಡಲು ಫ್ಲಾಪಿ. ಆದರೆ ಅದರೊಳಗೆ ಡಿಜಿಟಲ್ ಕ್ಯಾಮೆರಾದ ಮೆಮೊರಿ ಕಾರ್ಡ್ ತೂರಿಸಿ, ಇಡೀ ಫ್ಲಾಪಿಯನ್ನು ಕಂಪ್ಯೂಟರಿನ ಡ್ರೈವಿಗೆ ಹಾಕಬೇಕು. ಅದಕ್ಕೆ ಬಟನ್ ಸೆಲ್ ಬೇರೆ. ಸೋನಿಯ ಮಾವಿಕಾ ಕ್ಯಾಮೆರಾ ಇನ್ನೂ ಒಂದು ಹೆಜ್ಜೆ ಮುಂದೆ. 1997ರಲ್ಲಿ ಬಂದ ಮಾಡೆಲಿನಲ್ಲಿ ಫ್ಲಾಪಿಯನ್ನು ಕ್ಯಾಮೆರಾ ಒಳಗೇ ಹಾಕುವುದು. ಫೋಟೋ ತೆಗೆದಾಗಲೆಲ್ಲ ಡ್ರೈವ್ ತಿರುಗುವ ಸದ್ದು.

ಸಂಗೀತದವರು ನೋಡಲೇಬೇಕಾದ್ದು ಫ್ಲಾಪೊಟ್ರಾನ್. ಪೋಲೆಂಡಿನ ಪಾವೆಲ್ ಝದ್ರೋಝ್ನ್ಯಾಕ್ ಅನ್ನುವ ಎಂಜಿನಿಯರ್ 2022ರಲ್ಲಿ ಅದರ ಮೂರನೇ ಆವೃತ್ತಿ ಕಟ್ಟಿದರು. 512 ಫ್ಲಾಪಿ ಡ್ರೈವ್, 16 ಹಾರ್ಡ್ ಡಿಸ್ಕ್, 4 ಸ್ಕ್ಯಾನರ್. ತಲೆಯನ್ನು ಸರಿಸುವ ಮೋಟಾರನ್ನು ಬೇಕಾದ ವೇಗದಲ್ಲಿ ಅಲ್ಲಾಡಿಸಿದರೆ ಬೇಕಾದ ಸ್ವರ ಬರುತ್ತದೆ. ಹಾರ್ಡ್ ಡಿಸ್ಕಿನ ತಲೆ ಬಡಿಸಿದರೆ ತಾಳ. ಆಜ್ಞೆ ಹೋಗುವುದು ಮಿಡಿಯಲ್ಲೇ. ಸಾಗರದವರ ಡ್ರೈವ್ ಕರ್ ಕರ್ ಅನ್ನುತ್ತಿದೆ ಅಂದಾಗ ನನಗೆ ನೆನಪಾದದ್ದು ಅದೇ. ಸರ್, ಕೆಟ್ಟ ಡ್ರೈವ್ ಬಿಸಾಡಬೇಡಿ, ಪಾರ್ಟಿಗೆ ಸೇರಿಸಿಕೊಳ್ಳಿ.

ಇನ್ನೊಂದು. ಫ್ಲ್ಯಾಶ್‌ಫ್ಲಾಪಿಯಲ್ಲಿ ಗೋಟೆಕ್‌ಗೆ ಒಂದು ಚಿಕ್ಕ ಸ್ಪೀಕರ್ ಜೋಡಿಸಿದರೆ, ತಲೆ ಸರಿದಾಗ ಬರುವ ಟಿಕ್ ಟಿಕ್ ಸದ್ದನ್ನು ಅದು ನಕಲಿ ಮಾಡುತ್ತದೆ. ಸದ್ದು ಎಷ್ಟು ಜೋರಿರಬೇಕು ಅಂತ ಸೆಟ್ಟಿಂಗೂ ಇದೆ. ಇಲ್ಲದ ತಲೆ, ಇಲ್ಲದ ಡಿಸ್ಕ್, ಅದರ ಸದ್ದು ಮಾತ್ರ ಇದೆ. ಯಾರು ಕೇಳಿದರೋ ಇದನ್ನು!

---

ಸಾಗರದ ಕೀಬೋರ್ಡಿನವನು

ಎಲ್ಲರಿಗೂ ವರದಿ ಕೊಡುತ್ತೇನೆ.

ಶಿವಮೊಗ್ಗದ ಸ್ನೇಹಿತರ ಸ್ಟುಡಿಯೋದಲ್ಲಿ ಸಿಸ್‌ಎಕ್ಸ್ ಡಂಪ್ ಆಯಿತು. ಎರಡು ಸಲ ತೆಗೆದೆವು, ಎರಡೂ ಹೊಂದಿದವು. ಅದಾದ ಮೇಲೆ ಸೆಲ್ ಬದಲಿಸಿ, ಡಂಪನ್ನು ವಾಪಸ್ ಕಳಿಸಿದರೆ ಶಹನಾಯಿ ಅದೇ ನಂಬರಿನಲ್ಲಿ ಬಂದು ಕೂತಿತು. ಒಳಗೆ ಒಂದು ಎಕ್ಸ್‌ಪಾನ್ಶನ್ ಬೋರ್ಡೂ ಇದೆ, ಏಷ್ಯಾ ಅಂತ ಬರೆದಿದೆ. ಎರಡೂ ವೀಣೆ ಅದರದ್ದೇ. ಸೋಲ್ಡರ್ ಸರ್ ಹೇಳದಿದ್ದರೆ ಗಮನಿಸುತ್ತಲೇ ಇರಲಿಲ್ಲ.

ಫ್ಲಾಪಿಗಳಲ್ಲಿ ಹೆಚ್ಚಿನವು ಬಂದವು. ಟೇಪ್ ಹಾಕಿದವು ಓದಲು ತುಂಬಾ ಸತಾಯಿಸಿದವು, ಒಂದಿಷ್ಟು ಪೂರ್ತಿ ಖಾಲಿ. ಬೂಷ್ಟಿನವನ್ನು ಮನೆಯವಳು ಒರೆಸಿಕೊಟ್ಟಳು, ನನಗಿಂತ ಅವಳ ಕೈ ಹಗುರ. "ಮುಟ್ಟಬೇಡಿ" ಅನ್ನುವ ಡಿಸ್ಕಿನಲ್ಲಿ ಏನಿರಬಹುದು ಅಂತ ಎಲ್ಲರಿಗೂ ಕುತೂಹಲ. ಹಾರ್ಮೋನಿಯಂ ಇತ್ತು. ಬರೀ ಹಾರ್ಮೋನಿಯಂ, ಸಣ್ಣ ಸಣ್ಣ ವ್ಯತ್ಯಾಸದ ಪ್ಯಾಚ್ ಸಾಲು ಸಾಲು. ಒಂದಕ್ಕೆ ತಿದಿಯ ಗಾಳಿ ಜಾಸ್ತಿ, ಒಂದಕ್ಕೆ ಮಂದ್ರದಲ್ಲಿ ಚೂರು ಅಪಶ್ರುತಿ. ಹುಬ್ಬಳ್ಳಿಗೆ ಫೋನ್ ಮಾಡಿ ಕೇಳಿದೆ. ನಾಟಕ ಕಂಪನಿಯ ಕಾಲದ ಪೇಟಿಯ ಸದ್ದು ಹುಡುಕುತ್ತಿದ್ದೆ, ಸಿಗಲಿಲ್ಲ, ಅಂದರು. ನನ್ನ ಕಿವಿಗೆ ಕೊನೆಯ ಎರಡು ತುಂಬಾ ಚೆನ್ನಾಗಿವೆ, ಈ ಸೀಸನ್ನಿನಲ್ಲಿ ರಂಗಗೀತೆಗೆ ಬಳಸುತ್ತೇನೆ.

ಗೋಟೆಕ್ ಕೂತಿತು. ಮುಂದಿನ ಪಟ್ಟಿಗೆ ಚೂರು ಅರ ಹಾಕಬೇಕಾಯಿತು, ಅಷ್ಟೇ. ವೇದಿಕೆಯಲ್ಲಿ ಬರೀ ನಂಬರ್ ನೋಡಿ ಸೆಟ್ ಹುಡುಕುವುದು ಕಷ್ಟ, ಹಾಗಾಗಿ ಅಂಗಡಿಯಲ್ಲೇ ಪಟ್ಟಿ ಪ್ರಿಂಟ್ ತೆಗೆದು ಲ್ಯಾಮಿನೇಟ್ ಮಾಡಿ ಕೀಬೋರ್ಡಿನ ಮೇಲೆ ಅಂಟಿಸಿದ್ದೇನೆ. 000 ಭಕ್ತಿ, 001 ಹಳೇ ಸಿನಿಮಾ, ಹೀಗೆ. ಪೆನ್‌ಡ್ರೈವ್ ಎರಡು ಇಟ್ಟಿದ್ದೇನೆ, ಒಂದು ಜೇಬಿನಲ್ಲಿ. ಸ್ಪೀಕರ್ ಹಾಕಿಲ್ಲ. ದಾವಣಗೆರೆಯವರು ಕ್ಷಮಿಸಬೇಕು, ಆ ಸದ್ದು ಸಾಕಾಗಿಹೋಗಿದೆ.

ಈಗ ಉಳಿದಿರುವುದು "ತಮಟೆ ಡೊಳ್ಳು" ಒಂದೇ. ಬೂಷ್ಟಿಲ್ಲ, ಗೀರಿಲ್ಲ, ಟೇಪೂ ಇಲ್ಲ. ಅರ್ಧದವರೆಗೆ ಓದಿ ನಿಲ್ಲುತ್ತದೆ. ಡಿಡಿ ಅಲ್ಲೇ ಎರರ್ ಕೊಟ್ಟು ಹೊರಗೆ ಬರುತ್ತದೆ. ಜನಪದ ಸೆಟ್ಟಿನ ರಿದಂ ಎಲ್ಲ ಅದರಲ್ಲೇ ಇದೆ. ಏನಾದರೂ ದಾರಿ ಉಂಟಾ?

---

ಕುಡ್ಲ ಟೇಪ್ ರೆಕಾರ್ಡರ್

ಉಂಟು. ಡಿಡಿ ಬಿಡಿ, ಡಿಡಿರೆಸ್ಕ್ಯೂ ಹಾಕಿ. ಕೆಟ್ಟ ಸೆಕ್ಟರ್ ಬಂದರೆ ಅದು ಅಲ್ಲೇ ಕೂರುವುದಿಲ್ಲ, ಜಾಗ ಬರೆದಿಟ್ಟುಕೊಂಡು ಮುಂದಕ್ಕೆ ಹೋಗುತ್ತದೆ, ಆಮೇಲೆ ಬಿಟ್ಟ ಜಾಗಗಳಿಗೆ ಮಾತ್ರ ಮತ್ತೆ ಮತ್ತೆ ಬರುತ್ತದೆ. ಆ ಲೆಕ್ಕದ ಫೈಲು ಉಳಿಸಿಕೊಂಡರೆ ಬೇರೊಂದು ಡ್ರೈವಿನಲ್ಲಿ ಅದೇ ಡಿಸ್ಕ್ ಹಾಕಿ ಮುಂದುವರಿಸಬಹುದು. ಒಂದು ಡ್ರೈವಿಗೆ ಕಾಣದ ಸೆಕ್ಟರ್ ಇನ್ನೊಂದಕ್ಕೆ ಕಾಣುವುದುಂಟು, ತಲೆ ಕೂತಿರುವ ಜಾಗ ಒಂದೊಂದರಲ್ಲಿ ಕೂದಲೆಳೆಯಷ್ಟು ಬೇರೆ ಇರುತ್ತದೆ.

ಅದರಲ್ಲೂ ಆಗದಿದ್ದರೆ ನನಗೆ ಕಳಿಸಿ. ನನ್ನ ಹತ್ತಿರ ಗ್ರೀಸ್‌ವೀಜಲ್ ಬೋರ್ಡ್ ಇದೆ, ಅದೂ ಕೀರ್ ಫ್ರೇಸರ್ ಅವರದ್ದೇ. ಅದು ಸೆಕ್ಟರ್ ಗಿಕ್ಟರ್ ಕೇಳುವುದಿಲ್ಲ, ಡಿಸ್ಕಿನ ಮೇಲೆ ಕಾಂತದ ದಿಕ್ಕು ಎಲ್ಲೆಲ್ಲಿ ತಿರುಗಿದೆಯೋ ಅದರ ಸಮಯವನ್ನೇ ನೇರವಾಗಿ ಬರೆದುಕೊಳ್ಳುತ್ತದೆ. ಒಂದೇ ಟ್ರ್ಯಾಕನ್ನು ಹಲವು ಸುತ್ತು ಓದಿಸಿ, ಯಾವ ಸುತ್ತಿನಲ್ಲಿ ಯಾವ ಸೆಕ್ಟರ್ ಸರಿ ಬಂತೋ ಆರಿಸಿಕೊಳ್ಳಬಹುದು. ದುಡ್ಡು ಬೇಡ, ಆ ಹಾರ್ಮೋನಿಯಂ ರೆಕಾರ್ಡ್ ಮಾಡಿ ಕಳಿಸಿ.

ಡಿಸ್ಕನ್ನು ರಟ್ಟಿನ ಎರಡು ತುಂಡಿನ ಮಧ್ಯೆ ಇಟ್ಟು ಪ್ಯಾಕ್ ಮಾಡಿ. ಮತ್ತೆ, ನಿಮ್ಮ ಪಾರ್ಟಿಯ ಸೌಂಡ್ ಸಿಸ್ಟಂ ಗಾಡಿ ಮಂಗಳೂರಿಗೆ ಬರುತ್ತಿದೆ ಅಂತ ಸ್ಪೀಕರ್ ಬಾಕ್ಸಿನ ಮೇಲೆ ಇಟ್ಟು ಕಳಿಸಬೇಡಿ ಮಾರಾಯ್ರೆ, ಅಯಸ್ಕಾಂತ ಇರುತ್ತದೆ. ಅಂಚೆಗೇ ಹಾಕಿ.